ಹಲ್ಲುನೋವಿನ ಮಾತ್ರೆಯೂ ಹಳದಿ ಕಣ್ಣೂ

ನನ್ನ ಗಂಡನ ಕಣ್ಣು ಹಳದಿಯಾದದ್ದನ್ನು ಮೊದಲು ಕಂಡದ್ದು ನಾನಲ್ಲ, ಮುಂಬೈಯ ಅಂಧೇರಿಯಲ್ಲಿರುವ ಅವರ ಹೋಟೆಲಿಗೆ ದಿನಾ ಬರುವ ಗಿರಾಕಿಯೊಬ್ಬರು. ಗಲ್ಲಾದಲ್ಲಿ ಕೂತಿದ್ದ ಇವರನ್ನು ನೋಡಿ, "ಸೇಟ್, ಕನ್ನಡಿ ನೋಡಿಕೊಂಡಿರಾ?" ಎಂದು ಕೇಳಿದರಂತೆ. ಅದಕ್ಕೂ ಮುಂಚೆಯೇ ಮೈಯೆಲ್ಲ ತುರಿಕೆ ಶುರುವಾಗಿತ್ತು. ಸೆಕೆಗೆ ಹೀಗಾಗಿದೆ ಎಂದು ಇವರು ಪೌಡರ್ ಸುರಿದುಕೊಂಡು ತಿರುಗುತ್ತಿದ್ದರು.

ಸಂಜೆಯೊಳಗೆ ಸುದ್ದಿ ನೆಂಟರಿಗೆಲ್ಲ ಮುಟ್ಟಿತು. ನನ್ನ ಅಣ್ಣ ಫೋನ್ ಮಾಡಿ ಮೆಲ್ಲಗೆ, "ಭಾವ ಕದ್ದುಮುಚ್ಚಿ ಕುಡೀತಾರಾ?" ಎಂದ. ಇವರು ಬಿಯರಿನ ಬಾಟಲಿಯನ್ನು ಮೂಸಿಯೂ ನೋಡಿದವರಲ್ಲ. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಬಾಂದ್ರಾದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು. ಕಣ್ಣು ಹಳದಿ ಮಾಡುವ ಬಿಲಿರುಬಿನ್ ಏರಿತ್ತು, ಲಿವರಿನ ಎನ್ಜೈಮುಗಳೂ ಏರಿದ್ದವು. ಆದರೆ ಹೆಪಟೈಟಿಸ್ ವೈರಸ್ಸಿನ ಸುಳಿವಿಲ್ಲ. ಸೋನೋಗ್ರಫಿಯಲ್ಲಿ ಕಲ್ಲಿಲ್ಲ, ಪಿತ್ತನಾಳದಲ್ಲಿ ಅಡ್ಡಿಯೂ ಇಲ್ಲ.

"ಎಲ್ಲ ಸರಿ ಉಂಟು, ನಾನು ಮಾತ್ರ ಹಳದಿ," ಎಂದರು ಇವರು.

"ಔಷಧ ಏನಾದರೂ ತಗೊಳ್ತೀರಾ?"

"ಏನೂ ಇಲ್ಲ ಡಾಕ್ಟರ್."

"ಈಗಿನದು ಬಿಡಿ. ಒಂದೆರಡು ತಿಂಗಳ ಹಿಂದೆ? ಮಾತ್ರೆ, ಕಷಾಯ, ಜಿಮ್ ಪೌಡರ್?"

ಇವರು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು, "ಜಿಮ್ಮಾ?" ಎಂದರು. ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ.

ಆಗ ನನಗೆ ನಾದಿನಿಯ ಮಗಳ ಮದುವೆ ನೆನಪಾಯಿತು. ಅಲ್ಲಿ ಇವರು ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡು ಬರೀ ಪಾಯಸ ಕುಡಿದು ಎದ್ದಿದ್ದರು. "ಹಲ್ಲಿನ ಡಾಕ್ಟರು ಆಂಟಿಬಯೋಟಿಕ್ ಕೊಟ್ಟಿದ್ರಲ್ಲ ಮಾರಾಯ್ರೆ!"

"ಅದು ಮುಗಿದು ಎಷ್ಟು ಸಮಯ ಆಯ್ತು ಮಾರಾಯ್ತಿ!"

ಡಾಕ್ಟರಮ್ಮ ನೆಟ್ಟಗೆ ಕೂತರು. ಹಲ್ಲಿನ ಡಾಕ್ಟರು ಬರೆದ ಚೀಟಿಯ ಫೋಟೋ ನನ್ನ ಮೊಬೈಲಿನಲ್ಲೇ ಇತ್ತು. ನೋಡಿ ತಲೆಯಾಡಿಸಿದರು. "ಇದು ಕೆಲವರಿಗೆ ಹೀಗೆ ಮಾಡುತ್ತದೆ. ಮಾತ್ರೆ ಮುಗಿದು ವಾರಗಳ ಮೇಲೂ ಲಿವರ್ ಕೆಡಬಹುದು. ಇದೇ ಕಾರಣ ಅಂತ ತೋರಿಸುವ ಒಂದು ಟೆಸ್ಟ್ ಇಲ್ಲ. ಉಳಿದ ಕಾರಣಗಳನ್ನೆಲ್ಲ ತಳ್ಳಿಹಾಕಿ ಇಲ್ಲಿಗೆ ಬರಬೇಕು."

"ಹಾಗಾದರೆ ಇದಕ್ಕೆ ಏನು ಮದ್ದು?"

"ಕಾಯುವುದು. ಆಗಾಗ ರಕ್ತ ನೋಡೋಣ. ನನ್ನ ಕೇಳದೆ ಯಾವ ಮಾತ್ರೆಯೂ ಬೇಡ, ಕಷಾಯವೂ ಬೇಡ. ಮಂಕು ಕವಿದರೆ, ವಾಂತಿ ಹೆಚ್ಚಾದರೆ ತಕ್ಷಣ ಬನ್ನಿ."

ಕಾಯುವುದೇ ಕಷ್ಟವಾಯಿತು. ದಿನಾ ಬೆಳಿಗ್ಗೆ ಘಾಟ್ಕೋಪರಿನ ಮನೆಯ ಕಿಟಕಿಯ ಹತ್ತಿರ ನಿಲ್ಲಿಸಿ ಅವರ ಕಣ್ಣು ನೋಡುತ್ತಿದ್ದೆ. ಒಳಗೊಳಗೆ ಹೆದರಿಕೆ, ಹೊರಗೆ ಜೋರು. ಥಾಣೆಯ ಮನೆಯಿಂದ ಅತ್ತೆ, ಕಾಮಾಲೆಗೆ ಒಳ್ಳೆಯದೆಂದು ನೆಲನೆಲ್ಲಿ ಅರೆದು ಡಬ್ಬಿಯಲ್ಲಿ ತಂದರು. "ಡಾಕ್ಟರು ಬೇಡ ಅಂದಿದ್ದಾರೆ ಅತ್ತೆ," ಎಂದದ್ದಕ್ಕೆ ಅವರು ಊಟಕ್ಕೂ ನಿಲ್ಲದೆ ಹೊರಟುಬಿಟ್ಟರು. ಮುಂದಿನ ರಿಪೋರ್ಟಿನಲ್ಲಿ ಅಂಕಿಗಳು ಇಳಿದಿದ್ದವು. ಅದರ ಮುಂದಿನದರಲ್ಲಿ ಇನ್ನೂ ಇಳಿದವು. ಕೊನೆಗೆ ಎಲ್ಲ ಮೊದಲಿನ ಮಟ್ಟಕ್ಕೆ ಇಳಿಯಿತು, ಅತ್ತೆಯ ಸಿಟ್ಟೂ ಸೇರಿ.

ಆ ಔಷಧವನ್ನು ಇನ್ನೆಂದೂ ತಗೊಳ್ಳಬಾರದು, ಎಲ್ಲಿ ಹೋದರೂ ಹೇಳಬೇಕು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಇವರು ಅದನ್ನು ಅಕ್ಷರಶಃ ಪಾಲಿಸುತ್ತಾರೆ. ಮೊನ್ನೆ ಚಪ್ಪಲಿ ಅಂಗಡಿಯವ, "ಇನ್ನೇನಾದರೂ ಬೇಕಾ ಸರ್?" ಎಂದದ್ದಕ್ಕೆ ಅವನಿಗೂ ಆ ಮಾತ್ರೆಯ ಹೆಸರು ಹೇಳಿ, ಅದೊಂದು ಮಾತ್ರ ಬೇಡ ಎಂದು ಬಂದರು.