ನೀಲಿ ಡ್ರಮ್ಮೂ ನೀಲಿ ಸಮುದ್ರವೂ

ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಯಲ್ಲಿ ಯಜಮಾನರು ಯಾರೆಂದು ನೀವು ಕೇಳಿದರೆ, ನಾನು ಸಂಕೋಚದಿಂದ ಹಿತ್ತಲಿನ ನೀಲಿ ಡ್ರಮ್ಮಿನತ್ತ ಕೈ ತೋರಿಸುತ್ತೇನೆ. ಅದು ತುಂಬಿದ ದಿನ ಮನೆಯಲ್ಲಿ ನಗು, ಬರಿದಾದ ದಿನ ಎಲ್ಲರ ಮುಖವೂ ಗಂಟು. ನಮ್ಮ ನಳದ ನೀರು ನಿಜವಾದ ಅತಿಥಿ. ತಿಥಿ, ವಾರ ಹೇಳಿ ಬರುವುದಿಲ್ಲ, ಬಂದಾಗ ಮಾತ್ರ ಮನೆಮಂದಿಯೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು.

ಇಂಥ ಊರಿನಿಂದ ಶಾಂತಕ್ಕನನ್ನು ಕೊಚ್ಚಿಗೆ ಕರೆದೊಯ್ದ ಮಹಾನುಭಾವ ನಾನು. ಪಕ್ಕದ ಮನೆಯಲ್ಲೇ ಇರುವ ನನ್ನ ಅಕ್ಕ ಅರವತ್ತು ದಾಟಿದರೂ ಸಮುದ್ರ ಕಂಡಿರಲಿಲ್ಲ. "ಸಾಯೋದ್ರಾಗ ಒಮ್ಮಿ ಕಣ್ತುಂಬ ನೋಡಬೇಕಲೇ" ಎಂದು ವರ್ಷಗಳಿಂದ ಹೇಳುತ್ತಿದ್ದಳು. ಹೆಂಡತಿ ಸಿರುಗುಪ್ಪದ ತವರಿಗೆ ಹೋದ ಸಮಯ ನೋಡಿ, ಎರಡೂ ಮನೆಗೆ ಬೀಗ ಹಾಕಿ, ಕೀಲಿಗಳನ್ನು ಎದುರುಮನೆಯ ರಜಿಯಾಳಿಗೆ ಒಪ್ಪಿಸಿ ಹೊರಟೆವು.

ಕೊಚ್ಚಿಯಲ್ಲಿ ಹಳದಿ ಬಾವುಟ ಹಿಡಿದ ಗೈಡ್ ನಮ್ಮ ಪ್ರವಾಸಿ ಗುಂಪನ್ನು ಫೆರಿ ಹತ್ತಿಸಿದ. ಹಳೆಯ ಪಟ್ಟಣ, ಹೂದೋಟ, ಕೊನೆಗೆ ಕಾಲು ಗಂಟೆ ಕಡಲತೀರ ಎಂಬುದು ಅವನ ಲೆಕ್ಕ. ಸುತ್ತಲಿನ ನೀರು ತೋರಿಸಿ ಅಕ್ಕ, "ಇದಾ ಏನಪಾ ಸಮುದ್ರ?" ಎಂದಳು. ಇದು ಬರೀ ಹಿನ್ನೀರು ಎಂದ ಅವನು. "ಹಂಗಾರ ಬ್ಯಾಡ" ಎಂದು ಕಣ್ಣುಗಳನ್ನು ಸಮುದ್ರಕ್ಕೇ ಮೀಸಲಿಟ್ಟು ಒಗ್ಗರಣೆ ಮಂಡಕ್ಕಿಯ ಡಬ್ಬಿ ತೆರೆದಳು. ಹೂದೋಟದಲ್ಲಿಯೂ ಆಕೆಗೆ ಹೂ ಕಾಣಲಿಲ್ಲ. ಕಾರಂಜಿಯ ನೀರು ದಾರಿಯ ಹಾಸುಗಲ್ಲಿನ ಮೇಲೆ ಬೀಳುವುದೇ ಕಂಡಿತು. "ಇವ್ರು ಕಲ್ಲಿಗೂ ಜಳಕ ಮಾಡಿಸ್ತಾರ ನೋಡು" ಎಂದು ಅದನ್ನು ನಿಲ್ಲಿಸಲು ನಲ್ಲಿ ಹುಡುಕಹೊರಟವಳನ್ನು ಎಳೆದುಕೊಂಡೇ ತೀರದ ದಾರಿ ಹಿಡಿದೆ.

ಸಮುದ್ರ ಕಣ್ಣಿಗೆ ಬೀಳುವ ಮೊದಲೇ ಅಲೆಯ ಸದ್ದು ಕಿವಿಗೆ ಬಿತ್ತು. ಅಷ್ಟರಲ್ಲಿ ಅಕ್ಕನ ಫೋನೂ ಸದ್ದು ಮಾಡಿತು.

"ಶಾಂತಕ್ಕಾ, ನಳ ಬಂದೈತ್ರಿ" ಎಂದಳು ರಜಿಯಾ.

ಎಂಟು ದಿನದ ಮೇಲೆ ಬಂದಿದ್ದ ನಳ ಅದು. ಅಕ್ಕ ಅಲ್ಲೇ ತಿರುಗಿ ನಿಂತಳು. "ಈ ಗದ್ದಲದಾಗ ಏನೂ ಕೇಳವಲ್ದು" ಎಂದು ಸಮುದ್ರವನ್ನೇ ಗದರಿ, ಇನ್ನೊಂದು ಕಿವಿಗೆ ಬೆರಳಿಟ್ಟು, ಒಂದು ಗೋಡೆಯ ಮರೆಗೆ ಹೋದಳು. ಮೋಟಾರು ಹಚ್ಚುವುದು, ಪೈಪು ಸಿಕ್ಕಿಸುವುದು, ಸೋರುವ ಕಡೆ ಬಟ್ಟೆ ಸುತ್ತುವುದು, ಎಲ್ಲವನ್ನೂ ಅಲ್ಲಿಂದಲೇ ನಡೆಸಿದಳು. ನಾನು ಕೈಸನ್ನೆ ಮಾಡಿ ಸೋತೆ. ಗೈಡ್ ಸೀಟಿ ಊದಿದ, ಎಲ್ಲರೂ ಫೆರಿಗೆ ಓಡಿದೆವು.

ದೋಣಿ ದಡ ಬಿಟ್ಟ ಮೇಲೆ ಅಕ್ಕ ಫೋನು ಚೀಲಕ್ಕೆ ಹಾಕಿ, "ತುಂಬಿತು" ಎಂದು ನಿಟ್ಟುಸಿರಿಟ್ಟಳು. ಆಮೇಲೆ ಅವಳ ಮುಖ ಸಪ್ಪಗಾಯಿತು. "ಸಮುದ್ರ ನೋಡಲಿಲ್ಲಲ್ಲೋ."

ನನಗೆ ಸಿಟ್ಟು ನೆತ್ತಿಗೇರಿತ್ತು. "ಒಂದು ಸಲ ನಿನ್ನ ಮನಿ ನೀರು ತಪ್ಪಿದ್ರ ಏನಾಗ್ತಿತ್ತು?"

"ನನ್ನ ಮನೀದು ಎಲ್ಲಿ ತುಂಬೈತಿ? ಮೊದಲು ನಿಂದು ಹಿಡೀಲಿಕ್ಕೆ ರಜಿಯಾಗ ಹೇಳಿದ್ದೆ. ನಿನ್ನ ಡ್ರಮ್ ತುಂಬೋದ್ರಾಗ ನಳ ಹೋತು."

ಆಕೆಗೆ ಸಮುದ್ರ ತೋರಿಸಿ ಪುಣ್ಯ ಕಟ್ಟಿಕೊಳ್ಳಲು ಹೊರಟವನು ನಾನು. ನಾಚಿಕೆಯಿಂದ ದಾರಿಯುದ್ದಕ್ಕೂ ಹಿನ್ನೀರನ್ನೇ ನೋಡುತ್ತ ಕುಳಿತೆ.

ಊರಿಗೆ ಬಂದು ಡ್ರಮ್ಮಿನ ಮುಚ್ಚಳ ತೆಗೆದರೆ ನೀರು ಕಂಠಮಟ್ಟ ನಿಂತಿತ್ತು. ಅದರಿಂದ ಮೊದಲ ಚೊಂಬು ನನಗಾಗಿ ಎತ್ತಿಕೊಳ್ಳಲು ಮನಸ್ಸು ಬರಲಿಲ್ಲ. ಎರಡು ಬಿಂದಿಗೆ ತುಂಬಿ ಅಕ್ಕನ ಮನೆಗೆ ಹೊತ್ತೊಯ್ದೆ. ಮುಂದಿನ ತಿಂಗಳು ಮತ್ತೆ ಹೋಗೋಣ ಎಂದೆ.

"ನಳ ಬಂದ ಮರುದಿನ ಹೊಂಡೂಣು" ಎಂದಳು ಅಕ್ಕ. ಆಮೇಲೆ ನನ್ನ ಕೈಯನ್ನೇ ನೋಡುತ್ತ, "ಹಗೂರಕ ಇಡಲೇ, ಚೆಲ್ಲೀಯ" ಎಂದಳು.