ಟರ್ಬೊ ಕಾರಿನಲ್ಲಿ ನಾನು ಉಳಿಸಿದ ಪೆಟ್ರೋಲು

ಪ್ರತಿಯೊಂದು ಜೀವಿಯೂ ತನ್ನ ಉಸಿರನ್ನು ತಾನೇ ಎಳೆದುಕೊಳ್ಳಬೇಕು. ಎರವಲು ಉಸಿರಿನಲ್ಲಿ ಬಹಳ ದೂರ ಹೋದವರಿಲ್ಲ. ಈ ಮಹಾತತ್ತ್ವವನ್ನು ನಾನು ಗುಬ್ಬಿಯ ಪೆಟ್ರೋಲ್ ಬಂಕಿನಲ್ಲಿ, ನನ್ನ ಅಂಬಾಸಿಡರಿನ ಟೈರುಗಳಿಗೆ ಗಾಳಿ ತುಂಬಿಸಿಕೊಳ್ಳುತ್ತ ಪ್ರತಿಪಾದಿಸಿದೆ.

ಕೇಳಿಸಿಕೊಂಡವನು ನನ್ನ ಹೈಸ್ಕೂಲಿನ ಗೆಳೆಯ, ಮರಳೂರಿನವನು. ಎಂಬತ್ತರ ದಶಕದ ನಡುವಿನಲ್ಲಿ ದುಬೈ ಬಿಟ್ಟು ಬರುವಾಗ ಅಲ್ಲಿನ ದುಡಿಮೆಯನ್ನೆಲ್ಲ ಒಂದು ಜಪಾನಿ ಕಾರಿನ ರೂಪದಲ್ಲಿ ಹಡಗಿಗೆ ಹಾಕಿಸಿ ತಂದಿದ್ದ. ಎಡಗಡೆ ಸ್ಟೇರಿಂಗು, ಒಳಗೆ ಟರ್ಬೊ ಎಂಬ ಊದುಗೊಳವೆ. ಅವನ ಎಂಜಿನ್ನೂ ನನ್ನದೂ ಅಳತೆಯಲ್ಲಿ ಹೆಚ್ಚುಕಡಿಮೆ ಒಂದೇ. ಆದರೆ ನನ್ನದರ ಶಕ್ತಿ ಐವತ್ತು ಕುದುರೆಯಷ್ಟು, ತನ್ನದು ಅದರ ಎರಡರಷ್ಟು ಎನ್ನುತ್ತಿದ್ದ. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ನಿಜವಾದ ಕುದುರೆಗಳನ್ನು ಬೇಲಿಯಾಚೆಯಿಂದ ನೋಡಿ ಬೆಳೆದವನು ನಾನು. ಅಷ್ಟೇ ದೊಡ್ಡ ಲಾಯದಲ್ಲಿ ದುಪ್ಪಟ್ಟು ಕುದುರೆ ಕಟ್ಟಿದ್ದೇನೆಂದರೆ ನಂಬುವುದು ಹೇಗೆ?

"ನಿನ್ ಎಂಜಿನ್ನು ಸಿಕ್ಕಷ್ಟು ಗಾಳಿ ಕುಡೀತದೆ ಕಣೋ ಸಾಹುಕಾರ," ಎಂದ. ನನ್ನದು ಕೊಬ್ಬರಿ ವ್ಯಾಪಾರವಾದ್ದರಿಂದ ಆ ಬಿರುದು. "ನಂದರಲ್ಲಿ ಹೊರಗೆ ಹೋಗೋ ಹೊಗೆನೇ ಫ್ಯಾನ್ ತಿರುಗಿಸಿ ಒಳಕ್ಕೆ ಗಾಳಿ ತುರುಕ್ತದೆ."

"ತುರುಕಿಸ್ಕೊಂಡು ತಿಂದೋರಿಗೆ ಅಜೀರ್ಣ ಆಗ್ತದೆ," ಎಂದೆ.

ಕುಣಿಗಲ್ ರಸ್ತೆಯ ಒಂದು ಏರಿನಲ್ಲಿ ಎರಡು ಕಾರನ್ನೂ ಹತ್ತಿಸಿ ನೋಡಿದೆವು. ನಾನು ಏದುಸಿರು ಬಿಡುತ್ತ ಮೇಲೆ ಮುಟ್ಟುವಷ್ಟರಲ್ಲಿ ಅವನು ಕಾರಿನಿಂದಿಳಿದು ಸಿಗರೇಟು ಹಚ್ಚಿದ್ದ. ಒಂದು ಏರಿನಿಂದ ಏನೂ ಸಾಬೀತಾಗುವುದಿಲ್ಲವೆಂದು ನಾನು ತೀರ್ಪು ಕೊಟ್ಟೆ. ಅವನು ನಕ್ಕು, ಸಂಸಾರದೊಂದಿಗೆ ಹೈದರಾಬಾದಿನ ನೆಂಟರ ಮನೆಗೆ ಹೋಗುವ ಒಂದು ತಿಂಗಳು ಕಾರನ್ನು ನನ್ನ ಹತ್ತಿರವೇ ಬಿಟ್ಟ. ಓಡಿಸಿ ನೋಡು, ಆಮೇಲೆ ವಾದ ಮಾಡು ಎಂದ. ಟ್ಯಾಂಕು ತುಂಬಿಸಿಯೇ ಕೊಟ್ಟಿದ್ದ.

ನನ್ನ ಕಷ್ಟ ಅಲ್ಲಿಂದ ಶುರುವಾಯಿತು. ಅಮೃತೂರಿನ ತೋಟಗಳಿಗೆ ಹೋಗುವಾಗ ಕಾರು ಏರನ್ನು ಒಂದೇ ಉಸಿರಿಗೆ ನುಂಗುತ್ತಿತ್ತು. ವಾದದಲ್ಲಿ ಸೋತಿದ್ದೇನೆಂದು ಮೊದಲ ದಿನವೇ ಗೊತ್ತಾಯಿತು. ಆದರೆ ಇನ್ನೊಬ್ಬನ ಪೆಟ್ರೋಲು ಸುಡುವುದು ಮನಸ್ಸಿಗೆ ಚುಚ್ಚುತ್ತಿತ್ತು. ಎಪ್ಪತ್ತರ ದಶಕದಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ನಮ್ಮ ತಂದೆ ಮನೆಗೊಂದು ಧರ್ಮ ಹಾಕಿಕೊಟ್ಟಿದ್ದರು: ನಿಟ್ಟೂರಿನ ರೈಲ್ವೆ ಗೇಟು ಬಿದ್ದರೆ ಎಂಜಿನ್ ಆಫ್, ಏರು ಹತ್ತಿ ಇಳಿಜಾರು ಸಿಕ್ಕಿದರೆ ಆಫ್. ಸ್ವಂತ ಕಾರಿನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದ ಈ ವ್ರತವನ್ನು ಗೆಳೆಯನ ಕಾರಿನಲ್ಲಿ ನಿಷ್ಠೆಯಿಂದ ಪಾಲಿಸಿದೆ. ಏರಿನಲ್ಲಿ ಪೂರ್ತಿ ತುಳಿಯುವುದು, ನೆತ್ತಿಯಲ್ಲಿ ಕೀಲಿ ತಿರುವುವುದು, ಸದ್ದಿಲ್ಲದೆ ಜಾರುವುದು.

ಅವನು ವಾಪಸಾಗುವ ಹೊತ್ತಿಗೆ ಕಾರು ನೀಲಿ ಹೊಗೆ ಬಿಡುತ್ತಿತ್ತು. ಬೆಂಗಳೂರಿನ ಮೆಕ್ಯಾನಿಕ್ಕು ಬಿಚ್ಚಿ ನೋಡಿದರೆ ಟರ್ಬೊದೊಳಗೆ ಎಣ್ಣೆ ಸುಟ್ಟು ಕರಕಲಾಗಿತ್ತು. ಹೇಗೆ ಓಡಿಸಿದೆ ಎಂದು ಗೆಳೆಯ ಕೇಳಿದ. ನಾನು ಹೆಮ್ಮೆಯಿಂದಲೇ ವಿವರಿಸಿ, "ನಿನ್ ಪೆಟ್ರೋಲು ಒಂದ್ ಹನಿ ದಂಡ ಮಾಡಿಲ್ಲ ಕಣೋ," ಎಂದೆ.

ಅವನು ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟ. "ಜೋರಾಗಿ ಓಡಿಸಿದ್ ಮೇಲೆ ಎರಡು ನಿಮಿಷ ಎಂಜಿನ್ ಸುಮ್ನೆ ತಿರುಗ್ತಾ ಇರ್ಬೇಕು ಕಣಪ್ಪ. ಟರ್ಬೊ ಕೆಂಡ ಆಗಿರ್ತದೆ, ತಣ್ಣಗಾಗೋವರ್ಗೂ ಎಣ್ಣೆ ಹರೀಬೇಕು. ನಾನೇ ಹೇಳ್ಲಿಲ್ಲ. ತಪ್ಪು ನಂದೇ ಬುಡು."

ಅಪರಾಧವನ್ನೂ ಅವನೇ ಹೊತ್ತುಕೊಂಡು ಹೋದ. ಕ್ಷಮೆ ಕೇಳಲು ನಾನು ಬಾಯಿ ತೆರೆದಾಗಲೆಲ್ಲ ಅವನೇ ಮೊದಲು ಕೇಳಿಬಿಡುತ್ತಿದ್ದ. ಹೊಸ ಟರ್ಬೊ ತರಿಸಿಕೊಡುತ್ತೇನೆಂದು ಬೊಂಬಾಯಿಗೆ, ಮದರಾಸಿಗೆ ಅಲೆದೆ. ಆ ಕಾರಿನದು ಎಲ್ಲಿಯೂ ಸಿಗಲಿಲ್ಲ. ಕೊನೆಗೆ ಮೆಕ್ಯಾನಿಕ್ಕು ಅದನ್ನು ಕಿತ್ತು, ಬರಿಯ ಪೈಪು ಜೋಡಿಸಿದ. ಟರ್ಬೊ ಇದೆಯೆಂದು ನಂಬಿ ಕಟ್ಟಿದ ಎಂಜಿನ್ನು ಟರ್ಬೊ ಇಲ್ಲದೆ ನಮ್ಮ ಸಾಮಾನ್ಯ ಎಂಜಿನ್ನಿಗಿಂತ ಮೆತ್ತಗೆ ಎಂಬುದು ಆಗ ತಿಳಿಯಿತು.

ಮತ್ತೊಮ್ಮೆ ನೋಡೇಬಿಡೋಣ ಎಂದು ಅವನೇ ಹಟ ಮಾಡಿ ಕರೆದ. ಅದೇ ಕುಣಿಗಲ್ ರಸ್ತೆ, ಅದೇ ಏರು. ಅರ್ಧ ದಾರಿಯಲ್ಲಿ ಅವನ ಎಂಜಿನ್ನು ಗೊರಗುಟ್ಟುವುದು ಕೇಳಿ ನಾನು ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದೆ. ಆದರೂ ನನ್ನ ಅಂಬಾಸಿಡರೇ ಮೊದಲು ಮೇಲೆ ಹತ್ತಿತು.