ಕುರ್ಚಿ ಮೇಡಂ

ಮನೆಮನೆಗೆ ಕಂಪ್ಯೂಟರ್ ಬಂದ ಕಥೆಯ ಪ್ರದರ್ಶನ ರೂಪಿಸಲು ವಸ್ತುಸಂಗ್ರಹಾಲಯದವರು ಕರೆಸಿಕೊಂಡ ವಿನ್ಯಾಸಕಿಗೆ ವಾರದೊಳಗೇ ‘ಕುರ್ಚಿ ಮೇಡಂ’ ಎಂಬ ಹೆಸರು ಬಿತ್ತು. ಯಾರೇ ಹಳೆಯ ಯಂತ್ರ ತಂದುಕೊಡಲಿ, ಅದರ ಮೈಮೇಲೊಮ್ಮೆ ಕೈಯಾಡಿಸಿ, “ಇದರ ಮುಂದೆ ಯಾವ ಕುರ್ಚಿ ಇತ್ತು?” ಎಂದು ಕೇಳುವರು. ಕೊಟ್ಟವರು ತಬ್ಬಿಬ್ಬಾಗಿ ಮನೆಗೆ ಹೋಗಿ ಅಟ್ಟ ಹತ್ತುವರು. ಊಟದ ಮೇಜಿನ ಕುರ್ಚಿ, ಹೊಲಿಗೆ ಯಂತ್ರದ ಸ್ಟೂಲು, ಗಿಡ್ಡ ಕಾಲಿಗೆ ರಟ್ಟು ಮಡಿಸಿಟ್ಟುಕೊಂಡ ಬೆತ್ತದ ಕುರ್ಚಿ ಬಂದು ಬಂದು, ಉಗ್ರಾಣದಲ್ಲಿ ಕೂರಲು ಬೇಕಾದಷ್ಟಿದ್ದು, ನಿಲ್ಲಲು ಮಾತ್ರ ಜಾಗವಿಲ್ಲದಂತಾಯಿತು. “ಇದು ಕಂಪ್ಯೂಟರ್ ಚರಿತ್ರೇನಾ, ಬಡಗಿ ಚರಿತ್ರೇನಾ?” ಎಂದು ನಿರ್ದೇಶಕರು ಹಣೆ ಚಚ್ಚಿಕೊಂಡರೆ, “ಗಾಜಿನೊಳಗಿಟ್ರೆ ಎಲ್ಲಾ ಬರೀ ಡಬ್ಬಾನೇ ಸರ್. ಕೂತವರು ಕಾಣ್ಬೇಕು” ಎನ್ನುವರು ಮೇಡಂ. ಸಾಲದೆಂಬಂತೆ ಪ್ರತಿ ಯಂತ್ರದ ಮುಂದೆ ಎರಡೆರಡು ಕುರ್ಚಿ ಹಾಕಿಸಿದರು. “ಮನೇಲಿ ಒಬ್ರು ಒತ್ತೋರು, ಒಬ್ರು ನೋಡೋರು” ಎಂದರು. ಉದ್ಘಾಟನೆಯ ದಿನ ಅವರ ಅಣ್ಣ ಬಂದರು. ಚಿಕ್ಕಂದಿನಲ್ಲಿ ತಮ್ಮ ಮನೆಯಲ್ಲಿದ್ದಂಥದೇ ಯಂತ್ರ ಚಾಲೂ ಇರುವುದನ್ನು ಕಂಡು ನಿಂತುಬಿಟ್ಟರು. “ನಿನಗೆ ನಾನು ಒಂದ್ಸಲಾನೂ ಮುಟ್ಟೋಕೆ ಬಿಡ್ಲಿಲ್ಲ, ಅಲ್ವೇನೇ?” “ಪಕ್ಕದಲ್ಲಿ ಕೂತು ನೋಡಿ ನೋಡೇ ಕಲಿತೆ ಬಿಡೋ” ಎಂದರು ಮೇಡಂ. ಅಣ್ಣ ಪಕ್ಕದ ಕುರ್ಚಿಯಲ್ಲಿ ಕೂತರು. ಮೇಡಂ ಕೀಲಿಮಣೆಯ ಮುಂದೆ ಕೂತು, ತೋರುಬೆರಳಿನಿಂದ ತಮ್ಮ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತತೊಡಗಿದರು. ನಡುವೆ ಒಂದು ಅಕ್ಷರ ತಪ್ಪಿತು. ತಿದ್ದಲು ಅಣ್ಣನ ಕೈ ಸರಕ್ಕನೆ ಮುಂದೆ ಬಂತು. ಮರುಕ್ಷಣವೇ ಅದನ್ನು ಹಿಂದೆಳೆದು, ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು, ತಂಗಿ ತಾನೇ ಅಳಿಸಿ ಒತ್ತುವವರೆಗೆ ಸುಮ್ಮನೆ ಕಾದರು.